ಗೆದ್ದ ದಿನದ ಸಿಗಡಿ

ತೊಂಬತ್ತರ ದಶಕದಲ್ಲಿ ನಾನು ಮಂಗಳೂರಿನಿಂದ ಬ್ಯಾಂಕ್ ಕೆಲಸಕ್ಕೆಂದು ಕಲ್ಕತ್ತೆಗೆ ಬಂದಿದ್ದೆ. ಕೆಳಮನೆಯ ಬಂಗಾಳಿ ದಾದಾ ಸ್ಪೇನಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ, ನಾನು ಇಟಲಿಯದೊಂದರ ಕಡೆ.

“ನಿನ್ನವರು ಆಡೋದೆಲ್ಲಿ? ಗೋಲಿನ ಮುಂದೆ ಬಾಗಿಲು ಹಾಕ್ಕೊಂಡು ಕೂರ್ತಾರೆ,” ಎಂದು ಅವರು ಹಂಗಿಸುತ್ತಿದ್ದರು.

“ನಿಮ್ಮವರು ಚೆಂದ ಆಡ್ತಾ ಆಡ್ತಾನೇ ಸೋಲ್ತಾರೆ ದಾದಾ.”

ಗೆದ್ದವನು ಸೋತವನ ಮನೆಗೆ ಮೀನು ಕೊಡುವುದು ನಮ್ಮಿಬ್ಬರ ರೂಢಿ. ಯಾರೇ ಗೆದ್ದರೂ ಅದನ್ನು ಬೇಯಿಸಿ ಇಬ್ಬರಿಗೂ ಬಡಿಸುತ್ತಿದ್ದವರು ದಾದಾರ ತಾಯಿ.

ಆ ಸಲ ಎರಡೂ ಕ್ಲಬ್ಬುಗಳು ಎದುರಾದಾಗ ನನ್ನ ಇಟಲಿಯವರು ಗೆದ್ದರು. ಎರಡು ದಿನ ಊರಲ್ಲಿಲ್ಲದ ನಾನು ಬರುವ ದಾರಿಯಲ್ಲೇ ಸಿಗಡಿ ಕೊಂಡು ಅವರ ಬಾಗಿಲು ತಟ್ಟಿದೆ. ದಾದಾ ಹೊಲಿಗೆಯಿಲ್ಲದ ಬಿಳಿ ಬಟ್ಟೆ ಸುತ್ತಿಕೊಂಡು ಬರಿಗಾಲಲ್ಲಿ ನಿಂತಿದ್ದರು. ಹಿಂದಿನ ದಿನ ತಾಯಿ ತೀರಿಕೊಂಡಿದ್ದರು. ಮೀನು ಸೋಕಬಾರದ ಸೂತಕದ ಮನೆಯ ಹೊಸ್ತಿಲ ಮೇಲೆ ನನ್ನ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಗೆದ್ಯಾ?” ಎಂದರು. “ಗೋಲು ಯಾರು ಹೊಡೆದದ್ದು?”

ಅವರು ಸದಾ ಹೀಗಳೆಯುತ್ತಿದ್ದ, ವಯಸ್ಸಾದ ಡಿಫೆಂಡರ್. ಹೇಳಿದೆ.

“ಅವನಾ! ಅವನಿಗೆ ಓಡೋಕೂ ಆಗಲ್ಲ ಅಂತ ಅಮ್ಮನ ಹತ್ರ ಹೇಳಿದ್ದೆ,” ಎಂದು ನಗಲು ಹೋದವರು ಬಾಗಿಲಿಗೆ ಹಣೆಯೊತ್ತಿ ಅತ್ತರು.

ನನ್ನದು ಮೀನು ಮುಟ್ಟಿದ ಕೈ. ಅದನ್ನು ಅವರ ಹೆಗಲ ಮೇಲಿಡಲು ನನಗಾಗಲಿಲ್ಲ.