ಮೂರು ಡಬ್ಬ, ಒಂದು ಬೂದುಗುಂಬಳ

ಪೀಣ್ಯದ ನಮ್ಮ ವಾಲ್ವ್ ಕಾರ್ಖಾನೆಯ ಆಯುಧಪೂಜೆ ಎಂದರೆ ಈಗಲೂ ನನಗೆ ಮೊದಲು ನೆನಪಾಗುವುದು ಪರಮಾನಂದಣ್ಣ ತಮ್ಮ ಲೇತಿಗೆ ವಿಭೂತಿ ಬಳಿಯುತ್ತಿದ್ದ ರೀತಿ. ಮೂರು ಬೆರಳು, ಒಂದೇ ಎಳೆತ, ಮಗುವಿನ ಹಣೆಗೆ ಹಚ್ಚಿದಷ್ಟು ಮೆಲ್ಲಗೆ.

ಆ ವರ್ಷದ ಅತ್ಯುತ್ತಮ ವಿಭಾಗದ ಯಂತ್ರದ ಮುಂದೆ ಮೊದಲ ಬೂದುಗುಂಬಳ ಒಡೆಯುವುದು ನಮ್ಮಲ್ಲಿ ರೂಢಿ. ಅತ್ಯುತ್ತಮ ಎಂದರೆ ಹೆಚ್ಚು ಪೀಸ್ ತೆಗೆದವರು. ಹಾಗಾಗಿ ಆ ಕಾಯಿ ಪ್ರತಿವರ್ಷ ಲೇತ್ ವಿಭಾಗದ ಫೋರ್‌ಮನ್ ಪರಮಾನಂದಣ್ಣನ ಪಾಲಿಗೇ ಬರುತ್ತಿತ್ತು.

ಅವರು ನಿವೃತ್ತರಾಗಲಿದ್ದ ವರ್ಷ ಮಾಲೀಕರ ಮಗಳು ಕೃಪಾ ಅಳತೆ ಬದಲಿಸಿದರು. ಮೇಜಿನ ಮೇಲೆ ಮೂರು ಡಬ್ಬ ಇಟ್ಟರು: ಎಣಿಕೆ, ಗುಣಮಟ್ಟ, ಸಮಯಪಾಲನೆ. ಮೂವರು ಫೋರ್‌ಮನ್‌ಗಳಿಗೂ ಹತ್ತು ಹತ್ತು ನಟ್ ಕೊಟ್ಟರು. ಯಾವುದು ಎಷ್ಟು ಮುಖ್ಯವೋ ಆ ಡಬ್ಬಕ್ಕೆ ಅಷ್ಟು ನಟ್. ಪ್ರತಿ ವಿಭಾಗ ಈ ಮೂರರಲ್ಲಿ ಪಡೆದ ಅಂಕಗಳನ್ನು ಆಯಾ ಡಬ್ಬದ ನಟ್‌ಗಳ ಸಂಖ್ಯೆಯಿಂದ ಗುಣಿಸಿ ಕೂಡಿಸಬೇಕು; ಮೊತ್ತ ಹೆಚ್ಚು ಬಂದವರಿಗೆ ಕಾಯಿ.

ಪರಮಾನಂದಣ್ಣ ಹತ್ತನ್ನೂ ಎಣಿಕೆಗೆ ಸುರಿದರು. ಯಾವತ್ತೂ ತಡಮಾಡದ ಡ್ರಿಲ್ಲಿಂಗ್‌ನ ಮಲ್ಲಿಕ್ ಸಮಯಪಾಲನೆಗೆ, ದೋಷವಿದೆಯೆಂದು ಒಂದು ಪೀಸೂ ವಾಪಸ್ ಬರದ ಪಾಲಿಶಿಂಗ್‌ನ ಸುಮಂಗಲಾ ಗುಣಮಟ್ಟಕ್ಕೆ ಸುರಿದರು. ಮೂರು ಡಬ್ಬಗಳೂ ಸಮ.

"ಸಕ್ಕತ್! ನಾವು ಕಂಪನಿ ಅಳೀತಿಲ್ಲ ಅಣ್ಣ, ನಮ್ ನಮ್ ಮೀಸೆ ಅಳ್ಕೊಂತಿದೀವಿ" ಎಂದು ಮಲ್ಲಿಕ್ ನಕ್ಕ.

"ನಂಗೆಲ್ಲಪ್ಪ ಮೀಸೆ?" ಎಂದರು ಸುಮಂಗಲಾ.

ಪರಮಾನಂದಣ್ಣ ನಗಲಿಲ್ಲ. ಡಬ್ಬಗಳಿಂದ ನಟ್‌ಗಳನ್ನು ತೆಗೆದು ಮೂವರಿಗೂ ಮತ್ತೆ ಹತ್ತು ಹತ್ತು ಹಂಚಿದರು. "ಇಂಗ್ ಮಾಡಾನ ಕಣಮ್ಮ ಕೃಪಾ. ತಾನು ಗೆಲ್ಲೋ ಡಬ್ಬಕ್ಕೆ ತಾನು ಆಕಂಗಿಲ್ಲ."

"ಹಂಗಾದ್ರೆ ನಿಮ್ ಕಾಯಿ ಹೋಯ್ತು! ಇದು ನಿಮ್ ಕೊನೆ ಪೂಜೆ ಅಣ್ಣ" ಎಂದ ಮಲ್ಲಿಕ್, ಈಗ ನಗದೆ.

"ಓದ್ರೆ ಓಗ್ಲಿ ಬಿಡೋ. ವಾಪಸ್ ಬಂದ ಪೀಸೂ ಸೇರ್ಸಿ ಎಣಿಸ್ಕೊಂಡು ಎಷ್ಟ್ ದಿನ ಮೆರೆಯೋದು?" ಎಂದು ತಮ್ಮ ಹತ್ತನ್ನೂ ಗುಣಮಟ್ಟದ ಡಬ್ಬಕ್ಕೆ ಹಾಕಿದರು. ಮಲ್ಲಿಕ್ ಕೂಡ ಹೆಚ್ಚಿನವನ್ನು ಅಲ್ಲಿಗೇ ಹಾಕಿದ. ಸುಮಂಗಲಾ ಉಳಿದೆರಡಕ್ಕೆ ಅರ್ಧರ್ಧ ಹಂಚಿದರು. ಕೃಪಾ ಲೆಕ್ಕ ಮುಗಿಸಿದಾಗ ಪಾಲಿಶಿಂಗ್ ಗೆದ್ದಿತ್ತು.

ಪೂಜೆಯ ದಿನ ಸುಮಂಗಲಾ ಬೂದುಗುಂಬಳವನ್ನು ತಂದು ಪರಮಾನಂದಣ್ಣನ ಕೈಗಿಟ್ಟರು. "ಮಷೀನ್ ನಮ್ದು. ಕೈ ನಿಮ್ದೇ ಇರ್ಲಿ ಅಣ್ಣ."

ಪರಮಾನಂದಣ್ಣ ಪಾಲಿಶಿಂಗ್ ಯಂತ್ರದ ಮುಂದೆ ಅದನ್ನು ಒಡೆದರು. ಆಮೇಲೆ ಲೇತಿನ ಬಳಿ ಬಂದು, "ಈ ಸಲ ನೀನು ಎರಡ್ನೇದು ಕಣಪ್ಪ, ಬೇಜಾರ್ ಮಾಡ್ಕಬ್ಯಾಡ" ಎಂದು ಹೇಳಿ, ಎಂದಿನಂತೆ ಒಂದೇ ಎಳೆತದಲ್ಲಿ ವಿಭೂತಿ ಬಳಿದರು.