ಕುಂಕುಮದ ಕಾರ್ಡು

ಮನೆಗೆ ಬಂದವರನ್ನು ಮಾತನಾಡಿಸುವುದನ್ನು ನನ್ನ ಮಗಳಿಗೆ ಕಲಿಸಲು ಒಂದು ವರ್ಷದ ಮೇಲೆ ಹಿಡಿಯಿತು. ಮೂರೇ ಮಾತು. ‘ಬರ್ರಿ. ಕೂಡ್ರಿ. ನೀರ ತರ್ಲೇನ್ರಿ?’ ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಎಲೊಕ್ಯೂಷನ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಕನ್ನಡಿಯ ಮುಂದೆ ನಿಲ್ಲಿಸಿ, ಬಾಯಿ ಎಷ್ಟು ತೆರೆಯಬೇಕು, ಎಲ್ಲಿ ಉಸಿರು ಎಳೆದುಕೊಳ್ಳಬೇಕು ಎಂದು ತಿದ್ದುತ್ತಿದ್ದರು. ಅದೇ ಮೆಥಡ್ ನಾನೂ ಹಿಡಿದೆ. ಬಿಸ್ಕಿಟ್ ಡಬ್ಬಿಯ ರಟ್ಟು ಕತ್ತರಿಸಿ, ಅದರ ಮೇಲೆ ಬಾಗಿಲು, ಕುರ್ಚಿ, ನೀರಿನ ತಂಬಿಗೆಯ ಚಿತ್ರ ಬರೆದು ಒಂದೊಂದಾಗಿ ತೋರಿಸಿದೆ. ಕಲಿತಳು. ಕಲಿತ ಮೇಲೆ ಬಂದವರಿಗೂ ಹೇಳಿದಳು, ಹೊರಟವರಿಗೂ ಹೇಳಿದಳು, ಕರೆಂಟ್ ಬಿಲ್ ಕೊಡಲು ಬಂದವನಿಗೂ ಹೇಳಿದಳು. ಒಂದು ದಿನ ಹೊಸ್ತಿಲ ಹತ್ತಿರ ಬಂದು ನಿಂತ ಎಮ್ಮೆಗೂ ಹೇಳಿದಳು. ನನಗೆ ಅಳು ಬಂದಿತ್ತು.

‘ಅಳತೀ ಯಾಕ?’ ಎಂದರು ಅತ್ತೆ. ‘ಎಮ್ಮಿಗೆ ಖರೇನ ನೀರ ಬೇಕಾಗಿತ್ತು. ನಾ ಕೊಟ್ಟ ಬಂದೆ.’

ನಮ್ಮ ಮನೆ ಇಚಲಕರಂಜಿಯಲ್ಲಿ, ನನ್ನ ಗಂಡನ ಮಗ್ಗಗಳು ಪಕ್ಕದ ಕಬನೂರಿನಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ನನ್ನ ತಲೆಯೊಳಗೆ ಇಂಗ್ಲಿಷು. ಮಗಳಿಗೆ ಮೂರೂ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುವ ಯಂತ್ರ. ಅದರ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದಳು. ಯಾವ ಎಳೆ ಕಡಿಯುತ್ತದೆ ಎನ್ನುವುದು ಕಡಿಯುವ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಬೆರಳು ಆ ಕಡೆ ಹೋಗಿರುತ್ತಿತ್ತು. ‘ನೋಡ, ಎಷ್ಟ ಶಾಣೇಕಿ ಅದಾಳ. ಇನ್ನೇನ ಬೇಕು ನಿನಗ?’ ಎನ್ನುತ್ತಿದ್ದರು ಗಂಡ. ಅವರಿಗೆ ಅಷ್ಟು ಸಾಕಾಗಿತ್ತು. ಒಳ್ಳೆಯ ಮನುಷ್ಯ, ಅಲ್ಲ ಎನ್ನಲಾರೆ.

ನನಗೆ ಸಾಕಾಗಿರಲಿಲ್ಲ. ಬ್ಯಾಡ್ಮಿಂಟನ್ ಆಡುವುದನ್ನು ಒಬ್ಬರೇ ಕೂತು ಹೇಗೆ ಕಲಿಯುವುದು? ಆಚೆ ಕಡೆ ಒಬ್ಬರು ಬೇಕಲ್ಲ, ಮಾತಿಗೂ ಹಾಗೇ. ನಂಟರು ತಮ್ಮ ಮಕ್ಕಳನ್ನು ನಮ್ಮಲ್ಲಿಗೆ ಕಳಿಸುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ರಜೆಗೆ ಬರುವವರು ಬರಲಿಲ್ಲ, ಅಷ್ಟೇ. ಅವಳಿಗೆ ಇನ್ನೊಂದು ಮಗು ಬೇಕಾಗಿತ್ತು, ಅವಳಂಥದೇ ಒಂದು ಮಗು. ನನಗೆ ಇನ್ನೊಬ್ಬ ತಾಯಿ ಬೇಕಾಗಿತ್ತು. ಎರಡನೆಯದೇ ಹೆಚ್ಚು ಬೇಕಾಗಿತ್ತೋ ಏನೋ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಏನಾಗಬೇಕಿದೆ.

ಅವಳಿಗೆ ಐದು ತುಂಬಿದಾಗ, ಅಂದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಕೊಲ್ಲಾಪುರದ ಮಕ್ಕಳ ಡಾಕ್ಟರೊಬ್ಬರು ಚೀಟಿಯ ಮೇಲೆ ‘ಆಟಿಸ್ಟಿಕ್’ ಎಂದು ಬರೆದು ಮುಂದೊಂದು ಕ್ವೆಶ್ಚನ್ ಮಾರ್ಕ್ ಹಾಕಿದ್ದರು. ಕಾನ್ವೆಂಟಿನಲ್ಲಿ ಪ್ರೈಜ್ ಬಂದಿದ್ದ ನನ್ನ ಡಿಕ್ಷನರಿ ತೆಗೆದು ನೋಡಿದೆ. ‘ಆಥರ್’ ಇತ್ತು, ‘ಆಟೋಗ್ರಾಫ್’ ಇತ್ತು, ನಡುವೆ ಈ ಪದ ಇರಲಿಲ್ಲ. ಊರಿನಲ್ಲಿ ಎಲ್ಲರ ಬಾಯಲ್ಲಿ ಇದ್ದ ಪದ ಒಂದೇ, ಮತಿಮಂದ. ಆ ಕ್ವೆಶ್ಚನ್ ಮಾರ್ಕನ್ನು ನಾಲ್ಕು ವರ್ಷ ಪರ್ಸಿನಲ್ಲಿ ಇಟ್ಟುಕೊಂಡು ತಿರುಗಿದೆ.

ಅವಳಿಗೆ ಒಂಬತ್ತಾದಾಗ ಡಾಕ್ಟರನ್ನು ನೇರವಾಗಿ ಕೇಳಿದೆ. ‘ಇಂಥ ಮಕ್ಕಳು ಬೇರೆ ಯಾರೂ ಇಲ್ಲವೇ? ಒಂದು ಗ್ರೂಪ್, ಒಂದು ಅಸೋಸಿಯೇಷನ್, ಸಮ್‌ಥಿಂಗ್?’

‘ಮುಂಬೈನಲ್ಲಿ ಇರಬಹುದು. ಇಕಡೇ ಕಾಹೀ ನಾಹೀ, ಬಾಯಿ,’ ಎಂದರು. ಈ ಕಡೆ ಏನೂ ಇಲ್ಲ. ಆಮೇಲೆ ಪೆನ್ನಿನ ಟೋಪಿ ಹಾಕುತ್ತ, ‘ತಾಯಂದಿರು ಬರುತ್ತಾರೆ, ಸೆರಗು ಮುಖದ ಮೇಲೆ ಎಳೆದುಕೊಂಡು. ಗಡಹಿಂಗ್ಲಜದಿಂದ ಒಬ್ಬಾಕೆ ಬರುತ್ತಾಳೆ. ಅವಳ ಮಗಳಿಗೂ ಒಂಬತ್ತೇ. ನೀವು ಹೇಳುವುದನ್ನೇ ಅವಳೂ ಹೇಳುತ್ತಾಳೆ, ಒಂದೊಂದು ಸಲ ಅದೇ ಶಬ್ದ,’ ಎಂದರು.

ಬಸ್ಸಿನಲ್ಲಿ ಹಿಂದಿರುಗುವಾಗ ಹಾತಕಣಂಗಲೆ ಯಾವಾಗ ಬಂತು, ಯಾವಾಗ ಹೋಯಿತು ನನಗೆ ಗೊತ್ತಾಗಲಿಲ್ಲ. ಅದೇ ಶಬ್ದ!

ಡಾಕ್ಟರು ಯಾರ ವಿಳಾಸವನ್ನೂ ಕೊಡುವಂತಿರಲಿಲ್ಲ. ನಾನು ಏನಾದರೂ ಬರೆದುಕೊಟ್ಟರೆ ಅಂಥ ತಾಯಂದಿರ ಕೈಗೆ ಕೊಡುತ್ತೇನೆ ಎಂದರು. ‘ಮದರ್ಸ್ ಮೀಟಿಂಗ್’ ಎಂದು ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಟೈಪ್ ಮಾಡಿಸಿ ಕೊಟ್ಟೆ. ತಿಂಗಳಿಗೊಂದು ಶನಿವಾರ, ಮೂರು ಗಂಟೆಗೆ, ನಮ್ಮ ಮನೆಯಲ್ಲಿ. ಮೊದಲ ಶನಿವಾರ ಎಂಟು ಕುರ್ಚಿ ಹಾಕಿ ಕಾದೆ. ಎರಡನೆಯದಕ್ಕೆ ಆರು. ಮೂರನೆಯದಕ್ಕೆ ಕುರ್ಚಿ ಹಾಕಲಿಲ್ಲ, ಮಗಳೇ ಹಾಕಿದಳು. ಒಂದರ ಹಿಂದೆ ಒಂದು ಜೋಡಿಸಿ ತಾನು ಕೊನೆಯದರಲ್ಲಿ ಕೂತಳು. ಯಾರೂ ಬರಲಿಲ್ಲ.

‘ಮೀಟಿಂಗ್ ಅಂದ್ರ ಯಾವ ಹೆಣಮಗಳು ಬರ್ತಾಳ?’ ಎಂದರು ಅತ್ತೆ. ‘ಮನ್ಯಾಗ ಏನಂತ ಹೇಳಿ ಬರಬೇಕು ಅಕಿ? ನನ್ನ ಮಗಳು ಹಿಂಗದಾಳ, ಅದಕ್ಕ ಹೊಂಟೇನಿ ಅನ್ನಬೇಕೇನು? ಹಳದಿ-ಕುಂಕುಕ್ಕ ಕರಿ. ಅದಕ್ಕಾದ್ರ ಯಾರೂ ಬ್ಯಾಡ ಅನ್ನೂದಿಲ್ಲ.’

ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ನಮ್ಮ ಕಡೆ ಮನೆಮನೆಯಲ್ಲಿ ಅರಿಶಿನ-ಕುಂಕುಮ ನಡೆಯುತ್ತದೆ. ಮುತ್ತೈದೆಯರನ್ನು ಕರೆದು, ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಕೈಯಲ್ಲೊಂದು ಚಮಚವನ್ನೋ ಸೋಪಿನ ಡಬ್ಬಿಯನ್ನೋ ಇಟ್ಟು ಕಳಿಸುವುದು. ಅದಕ್ಕೆ ಹೋಗಬೇಡ ಎಂದು ಸೊಸೆಗೆ ಹೇಳುವ ಅತ್ತೆ ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಸೋ ಸಿಂಪಲ್! ಪ್ರೆಸ್ಸಿನಲ್ಲಿ ಐದು ಕಾರ್ಡು ಮಾಡಿಸಿದೆ. ಅರಿಶಿನ-ಕುಂಕುಮಕ್ಕೆ ಬನ್ನಿ, ಕೊನೆಯ ಸಾಲಿನಲ್ಲಿ ‘ಮಕ್ಕಳನ್ನೂ ಅಗತ್ಯ ಕರೆತನ್ನಿ’. ಮಕ್ಕಳನ್ನು ಎನ್ನುವುದರ ಅರ್ಥ ಕಾರ್ಡು ಕೈಗೆ ಕೊಡುವಾಗ ಡಾಕ್ಟರು ಹೇಳುತ್ತಾರೆ. ಐದರಲ್ಲಿ ಒಂದು ಗಡಹಿಂಗ್ಲಜಕ್ಕೆ ಹೋಗಲೇಬೇಕು ಎಂದು ಅವರಿಗೆ ಎರಡು ಸಲ ಹೇಳಿದೆ.

ಮೂವರು ಬಂದರು. ಇಚಲಕರಂಜಿಯವರೇ ಒಬ್ಬರು, ಹಾತಕಣಂಗಲೆಯವರೊಬ್ಬರು, ಶಿರೋಳದ ಕಡೆಯವರೊಬ್ಬರು. ಮೂವರ ಜೊತೆಗೂ ಮಕ್ಕಳು. ಮೊದಲ ಹತ್ತು ನಿಮಿಷ ಎಳ್ಳುಂಡೆ ಕಟಕಟ ಎನ್ನುವುದೊಂದೇ ಸದ್ದು. ಆಮೇಲೆ ಹಾತಕಣಂಗಲೆಯ ಮಗು ಫ್ಯಾನಿನ ಕೆಳಗೆ ನಿಂತು ತಾನೂ ಗರಗರ ತಿರುಗತೊಡಗಿತು. ತಾಯಿ ಮುಖ ಕೆಂಪಗೆ ಮಾಡಿಕೊಂಡು ಎದ್ದಳು.

‘ತಿರಗಲಿ ಬಿಡ್ರಿ,’ ಎಂದಳು ಶಿರೋಳದಾಕೆ. ‘ನಮ್ಮದು ಚಕ್ಕಡಿ ಗಾಲಿ ನೋಡಿ ತಿರಗತೈತಿ. ನಿಮ್ಮದು ಫ್ಯಾನ್ ನೋಡಿ. ನೀವು ಪ್ಯಾಟಿ ಮಂದಿ!’

ಅಬ್ಬ, ಆ ನಗು. ಬಳೆಗಳು ಒಂದಕ್ಕೊಂದು ತಾಗುವಂತೆ ಕೈ ಹೊಡೆದುಕೊಂಡು ನಕ್ಕೆವು. ‘ಅಹೋ, ಆಮಚಾ ಪಣ ಅಸಾಚ್!’ ಎಂದಳು ಇಚಲಕರಂಜಿಯಾಕೆ, ನಮ್ಮದೂ ಹೀಗೇ ಎಂದು. ಒಬ್ಬರು ಅನ್ನದ ಹಟ ಹೇಳಿದರು, ಒಬ್ಬರು ಕೂದಲು ಕತ್ತರಿಸುವ ದಿನದ ಯುದ್ಧ ಹೇಳಿದರು. ನಾನು ಹೇಳುತ್ತಲೇ ಇದ್ದೆ. ಒಂಬತ್ತು ವರ್ಷದ್ದು ಒಳಗಿತ್ತಲ್ಲ.

ಆ ಸಂಭ್ರಮದ ನಡುವೆ ಮಗಳು ಎರಡು ಸಲ ಹೊರಗೆ ಹೋಗಿ ಬಂದಳು. ಬಾಗಿಲ ಹೊರಗಿಂದ ಅವಳ ದನಿ ಕೇಳಿತು. ‘ಬರ್ರಿ. ಕೂಡ್ರಿ. ನೀರ ತರ್ಲೇನ್ರಿ?’ ಒಳಗೆ ಬಂದು ನೀರು ತುಂಬಿಕೊಂಡು ಹೋದಳು. ಮತ್ತೆ ಎಮ್ಮೆ ಬಂದಿರಬೇಕು ಎಂದುಕೊಂಡು ನಾನು ಏಳಲಿಲ್ಲ.

ಎಲ್ಲರನ್ನೂ ಬೀಳ್ಕೊಟ್ಟು ಹೊರಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಎರಡು ಖಾಲಿ ಲೋಟ.

‘ಗಡಿಂಗ್ಲಜದಾಕಿ ಬಂದಿದ್ದಳು,’ ಎಂದರು. ‘ಮಗಳನ್ನೂ ಕರಕೊಂಡ. ಈಗ ಬಸ್ಸಿಗೆ ಹೋದ್ಲು.’

‘ಒಳಗ ಯಾಕ ಕರೀಲಿಲ್ರಿ?’ ನಾನು ಚೀರಿಯೇ ಬಿಟ್ಟೆ.

‘ಅಕಿ ಹಣಿ ಬರೇ ಐತಿ. ಹೆಂಗ ಕರೀಲಿ? ನೀ ಕರದದ್ದು ಕುಂಕುಮಕ್ಕ.’

ಗಂಡ ಸತ್ತವಳನ್ನು ಅರಿಶಿನ-ಕುಂಕುಮಕ್ಕೆ ಕರೆಯುವುದಿಲ್ಲ. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಾವನವರು ತೀರಿಕೊಂಡು ಹನ್ನೆರಡು ವರ್ಷ. ಆ ಹನ್ನೆರಡು ವರ್ಷವೂ ನನ್ನ ಅತ್ತೆ ಸಂಕ್ರಾಂತಿಯ ಹದಿನೈದು ದಿನ ಯಾರ ಮನೆಗೂ ಹೋಗದೆ, ನಮ್ಮ ಮನೆಗೆ ಯಾರಾದರೂ ಬಂದರೆ ಹೊರಗೆ ಕಟ್ಟೆಗೆ ಹೋಗಿ ಕೂರುತ್ತಿದ್ದರು. ಆ ದಿನವೂ ಎಳ್ಳುಂಡೆ ಕಟ್ಟಿಕೊಟ್ಟು ಹೊರಗೆ ಹೋಗಿದ್ದರು. ಉಪಾಯ ಹೇಳಿಕೊಟ್ಟವರು ಅವರೇ. ಆ ಉಪಾಯದ ಹೊರಗೆ ಕೂತವರೂ ಅವರೇ. ನಾನು ನೋಡಿರಲಿಲ್ಲ. ನನಗೆ ಷೇಕ್ಸ್‌ಪಿಯರ್ ಬಾಯಿಪಾಠ ಇತ್ತು.

ಗಡಹಿಂಗ್ಲಜದಾಕೆ ಅಣ್ಣನ ಮನೆಯಲ್ಲಿ ಇರುತ್ತಾಳೆ, ಅಣ್ಣನದು ಮೆಣಸಿನಕಾಯಿ ವ್ಯಾಪಾರ ಎಂದು ಅತ್ತೆ ಕೇಳಿಟ್ಟುಕೊಂಡಿದ್ದರು. ಮುಂದಿನ ವಾರವೇ ಮಗಳ ಕೈ ಹಿಡಿದು ಎಸ್.ಟಿ. ಹತ್ತಿದೆ. ಕೊಲ್ಲಾಪುರದಲ್ಲಿ ಬಸ್ಸು ಬದಲಿಸಿ, ನಿಪ್ಪಾಣಿ ದಾಟಿ, ಗಡಹಿಂಗ್ಲಜ ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಪೇಟೆಯಲ್ಲಿ ಕೇಳಿದರೆ ಮನೆ ತೋರಿಸಿದರು.

ನನಗಿಂತ ಚಿಕ್ಕವಳು. ತೆಳ್ಳಗೆ, ಬೂದು ಸೀರೆ. ನಡುಮನೆಯಲ್ಲಿ ಕೆಂಪು ಮೆಣಸಿನಕಾಯಿ ರಾಶಿ ಹಾಕಿತ್ತು. ಅವಳ ಮಗಳು ಅದರ ಮುಂದೆ ಕೂತು ತೊಟ್ಟು ಮುರಿಯುತ್ತಿತ್ತು. ಮುರಿದ ತೊಟ್ಟುಗಳನ್ನೆಲ್ಲ ನೆಲದ ಮೇಲೆ ಉದ್ದಕ್ಕೆ ಸಾಲಾಗಿ ಇಟ್ಟಿತ್ತು. ತಲೆ ಎತ್ತಲಿಲ್ಲ.

‘ತಪ್ಪಾತ್ರಿ ನಂದು,’ ಎಂದೆ. ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮುಗಿದದ್ದು ಅಷ್ಟರಲ್ಲೇ.

‘ನಿಮ್ಮ ತಪ್ಪೇನೈತ್ರಿ. ಹಳದಿ-ಕುಂಕು ಅಂತ ಡಾಕ್ಟರ ಓದಿ ಹೇಳಿದ್ರು. ಗೊತ್ತಿದ್ದ ಬಂದೇನಿ. ಮಕ್ಕಳನ್ನ ಕರಕೊಂಡ ಬರ್ರಿ ಅಂತ ಬರದಿತ್ತಲ್ರಿ, ಅದೊಂದ ಮಾತಿಗೆ ಬಂದೆ. ಹೊರಗ ಕೂತ್ರೂ ಒಳಗಿಂದು ಕೇಳಸ್ತೈತಿ ಅನಕೊಂಡಿದ್ದೆ.’ ಚೆದುರಿದ್ದ ಒಂದು ಕಾಯನ್ನು ರಾಶಿಗೆ ಹಾಕಿ, ‘ನಗೂದು ಕೇಳಸ್ತು,’ ಎಂದಳು.

ಒಳಗಿನಿಂದ ಅವಳ ಅಣ್ಣನ ಹೆಂಡತಿಯ ದನಿ ಬಂತು, ನಮಗೆ ಕೇಳಲೆಂದೇ ಹೇಳಿದ್ದು. ‘ಬಂದ್ರೇನು ಕುಂಕುಮದ ಮಂದಿ?’

‘ಆ ಕಾರ್ಡ ನಮ್ಮ ವೈನಿ ಕೈಯಾಗ ಸಿಕ್ತರಿ,’ ಎಂದಳು ಇವಳು ಮೆಲ್ಲಗೆ. ‘ದವಾಖಾನಿಗೆ ಹೊಂಟೇನಿ ಅಂತ ಹೇಳಿ ಬಂದಿದ್ದೆ. ಈಗ ದವಾಖಾನೀಗೆ ಹೋಗೂದೂ ಬಂದ್ ಆತು.’

ನಮ್ಮ ಹುಡುಗಿಯರು ಗೆಳತಿಯರಾದರು ಎಂದು ಬರೆಯಲು ನನಗೆ ಆಸೆ. ಆಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಎಷ್ಟು ಕಣ್ಸನ್ನೆ ಮಾಡಿದರೂ ನನ್ನವಳು ಕಲಿತ ಮೂರು ಮಾತು ಆಡಲಿಲ್ಲ. ಅದು ಅವಳ ಮನೆಯಲ್ಲವಲ್ಲ. ಆದರೆ ರಾಶಿಯ ಈಚೆ ಕೂತು, ತಾನೂ ಒಂದು ಕಾಯಿ ಎತ್ತಿಕೊಂಡು ತೊಟ್ಟು ಮುರಿದಳು. ಸಾಲಿನ ಕೊನೆಯಲ್ಲಿ ಇಟ್ಟಳು. ಆ ಮಗು ಅದನ್ನು ಒಂದಿಷ್ಟು ನೆಟ್ಟಗೆ ಮಾಡಿತು. ಇನ್ನೊಂದು. ಮತ್ತೆ ನೆಟ್ಟಗೆ ಮಾಡಿತು. ನಾವಿಬ್ಬರೂ ನೋಡುತ್ತಿದ್ದೆವು. ಹತ್ತು ನಿಮಿಷ ಆಗಿರಬಹುದು. ನನ್ನವಳು ಅದೇ ಖಾರದ ಕೈಯಿಂದ ಕಣ್ಣು ಉಜ್ಜಿಕೊಂಡಳು.

ಆ ಚೀರಾಟಕ್ಕೆ ಇಡೀ ಓಣಿ ಬಾಗಿಲಿಗೆ ಬಂತು. ಅವಳು ಹೊರಳಾಡುತ್ತಿದ್ದಂತೆ ತೊಟ್ಟಿನ ಸಾಲು ಚೆಲ್ಲಾಪಿಲ್ಲಿಯಾಗಿ ಆ ಮಗುವೂ ತಲೆ ಗೋಡೆಗೆ ಬಡಿದುಕೊಳ್ಳತೊಡಗಿತು. ನಾನು ನನ್ನವಳ ಕಣ್ಣಿಗೆ ಹಾಲಿನಲ್ಲಿ ಅದ್ದಿದ ಬಟ್ಟೆ ಒತ್ತುತ್ತಿದ್ದೆ, ಅವಳು ತನ್ನ ಮಗಳ ಹಣೆಗೆ ಅಂಗೈ ಅಡ್ಡ ಕೊಟ್ಟು ಕೂತಿದ್ದಳು. ‘ಒಂದ ಸಾಲಲಿಲ್ಲಂತ ಇನ್ನೊಂದ ಬಂತು,’ ಎಂದಿತು ಒಳಗಿನ ದನಿ.

ಬಾಗಿಲ ತನಕ ಬಂದು ಅವಳು, ‘ಇನ್ನ ಬರಬ್ಯಾಡ್ರಿ,’ ಎಂದಳು. ‘ಪತ್ರನೂ ಬ್ಯಾಡ. ಅಣ್ಣ ಒಡದು ಓದತಾನ.’ ಸಿಟ್ಟು ಇರಲಿಲ್ಲ. ನನ್ನ ಮಗಳ ಕಡೆ ನೋಡಿ, ‘ಇಂಥಾಕಿ ಇನ್ನೊಬ್ಬಾಕಿ ಅದಾಳಂತ ಗೊತ್ತಾತಲ್ರಿ,’ ಎಂದಳು.

ಮರುವರ್ಷ ನಾನು ಕಾರ್ಡಿನಲ್ಲಿ ಕುಂಕುಮ ಎಂದು ಹಾಕಲಿಲ್ಲ. ಸುಮ್ಮನೆ ‘ಎಳ್ಳು-ಬೆಲ್ಲಕ್ಕೆ ಎಲ್ಲರೂ ಬನ್ನಿ’ ಎಂದು ಹಾಕಿಸಿದೆ. ಗಡಹಿಂಗ್ಲಜದಾಕೆ ಡಾಕ್ಟರ ಹತ್ತಿರ ಬರುವುದು ನಿಂತು ವರ್ಷವಾಗಿತ್ತು. ಉಳಿದ ಮೂವರೂ ಬರಲಿಲ್ಲ. ಕುಂಕುಮದ ಹೆಸರಿಲ್ಲದೆ ಅವರು ಮನೆಯಲ್ಲಿ ಏನೆಂದು ಹೇಳಿ ಹೊರಡುವುದು? ಶಿರೋಳದಾಕೆ ಮಾತ್ರ ಡಾಕ್ಟರ ಮೂಲಕ ಹೇಳಿಕಳಿಸಿದಳು, ಮೊದಲಿನಂತೆ ಕರೆದರೆ ಬರುತ್ತೇನೆ ಎಂದು. ನಾನು ಕರೆಯಲಿಲ್ಲ. ಅದು ಸರಿಯೋ, ಬರಿಯ ಹಟವೋ, ಇವತ್ತಿಗೂ ನನಗೆ ತಿಳಿದಿಲ್ಲ. ಹಟವಾಗಿದ್ದರೆ ಅದರ ಬೆಲೆ ಕೊಟ್ಟವಳು ನನ್ನ ಮಗಳು.

ಆ ಸಂಜೆ ಎಳ್ಳುಂಡೆಯ ಡಬ್ಬಿ ಹಿಡಿದು ನಾನೂ ಕಟ್ಟೆಯ ಮೇಲೆ ಅತ್ತೆಯ ಹತ್ತಿರ ಹೋಗಿ ಕೂತೆ. ಮಗಳು ಕಬನೂರಿನಲ್ಲಿ ಅಪ್ಪನ ಜೊತೆ ಇದ್ದಳು. ಡಬ್ಬಿ ಅವರ ಕಡೆ ಸರಿಸಿ ಕೇಳಿದೆ, ‘ಆವತ್ತ ಅಕಿ ಇಲ್ಲಿ ಕೂತು ಏನ ಮಾತಾಡಿದ್ಲರಿ?’

‘ಏನಿಲ್ಲ. ನಿಮ್ಮ ಮೊಮ್ಮಗಳು ರಾತ್ರಿ ಮಲಗತಾಳೇನ್ರಿ ಅಂತ ಕೇಳಿದ್ಲು. ಇಲ್ಲವ್ವಾ, ಕುಂತಿರತಾಳ, ಅವ್ವನೂ ಕುಂತಿರತಾಳ ಅಂದೆ. ನಾವೂ ಹಂಗ ಕುಂತಿರತೇವ್ರಿ ಅಂದ್ಲು. ಎಷ್ಟ ಗಂಟೆ ತನಾ ಅಂದ್ಲು. ಮೂರು ಹೊಡೀತನಾ ಅಂದೆ. ನಮ್ಮದೂ ಮೂರ ರಿ, ಅಂದ್ಲು.’

ಒಂಬತ್ತು ವರ್ಷದಿಂದ ನಾನು ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ ಅದು. ನನ್ನ ಮನೆಯ ಕಟ್ಟೆಯ ಮೇಲೆ ಯಾರೋ ಕೇಳಿ, ಯಾರೋ ಉತ್ತರ ಹೇಳಿಯೂ ಆಗಿತ್ತು. ಗೋಡೆಯ ಆಚೆ, ಒಳಗೆ, ನಾನು ಚಮಚ ಹಂಚುತ್ತಿದ್ದೆ.

‘ಮತ್ತ?’ ಎಂದೆ.

‘ಮತ್ತೇನು. ನಕ್ಕಳು,’ ಎಂದರು ಅತ್ತೆ.