ಅಳಿಲು ಬಚ್ಚಿಟ್ಟ ಕಾಳು

ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು ಒಬ್ಬ ಹುಡುಗ ತಡವರಿಸದೆ ಪಾಠ ಒಪ್ಪಿಸಿದ್ದನ್ನು ಕಂಡ ದಿನದಿಂದ ನಾನು ಯಾವ ಮಗುವಿನ ಓದನ್ನೂ ಸುಲಭಕ್ಕೆ ನಂಬಿದವನಲ್ಲ. ಕಾಮಗೆರೆಯಿಂದ ಒಳಕ್ಕೆ ನಡೆದು ಹೋಗಬೇಕಾದ ಒಂದು ಹಳ್ಳಿಯಲ್ಲಿ ಆಗ ನನಗೆ ಮೊದಲ ಕೆಲಸ. ಎರಡನೇ ಮಹಾಯುದ್ಧದ ಕಾಲ. ಕೊಳ್ಳೇಗಾಲದ ಸೀಮೆ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಾನು ಯಳಂದೂರಿನವನು, ಅಂದರೆ ಮೈಸೂರು ಸಂಸ್ಥಾನದವನು. ಗಾಡಿ ಕಟ್ಟಿಕೊಂಡು ಹೊರಟರೆ ಒಂದೇ ದಿನದ ದಾರಿಯಾದರೂ ಊರಿನವರ ಕಣ್ಣಿಗೆ ನಾನು ಬೇರೆ ಸರ್ಕಾರದ ಮನುಷ್ಯ. ಅವರಿಗೆ ನನ್ನ ಮೇಲೆ ಗುಮಾನಿ, ನನಗೆ ಅವರ ಮಕ್ಕಳ ಮೇಲೆ ಗುಮಾನಿ. ಹೀಗೆ ನಮ್ಮ ಸಂಸಾರ ಸಾಗಿತ್ತು.

ಬಾಯಿಪಾಠ ಸಾಲದು, ಓದಿದ್ದು ತಲೆಗೆ ಹೋಯಿತೇ ಎಂದು ಪ್ರಶ್ನೆ ಕೇಳಿ ನೋಡಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಎರಡನೇ ತರಗತಿಯ ಪುಸ್ತಕದಲ್ಲಿ ಅದಕ್ಕೆ ಹೇಳಿ ಮಾಡಿಸಿದಂಥ ಒಂದು ನೀತಿಕಥೆ ಇತ್ತು. ಮಳೆಯಿಲ್ಲದ ವರ್ಷ ಕಾಡಿನ ರಾಜ ಸಿಂಹ, ಯಾರ ಬಳಿ ಎಷ್ಟು ಕಾಳಿದೆ ಎಂದು ಎಲ್ಲರನ್ನೂ ಕೇಳುತ್ತದೆ. ಪಾರಿವಾಳ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಅಳಿಲು ಪೊಟರೆಯಲ್ಲಿ ಬಚ್ಚಿಟ್ಟು ಏನೂ ಇಲ್ಲ ಅನ್ನುತ್ತದೆ. ಕೊನೆಗೆ ಪಾರಿವಾಳಕ್ಕೆ ಸನ್ಮಾನ, ಅಳಿಲಿನ ಕಾಳಿಗೆ ಹುಳ.

ಅಳಿಲು ಮಾಡಿದ್ದು ಸರಿಯೇ ಎಂದು ಕೇಳಿದೆ. ಎಲ್ಲರೂ ಒಂದೇ ರಾಗದಲ್ಲಿ ತಪ್ಪು ಅಂದರು. ಅಷ್ಟು ಬೇಗ ಬಂದ ಉತ್ತರವನ್ನು ನಾನು ನಂಬಲಿಲ್ಲ. ಯಾಕೆ ತಪ್ಪು ಎಂದೆ. ಶಾಲೆಗೆ ಬರುತ್ತಿದ್ದ ಹೆಣ್ಣುಮಗು ಒಂದೇ ಒಂದು, ತಾಯಿಯಿಲ್ಲದ, ಅಜ್ಜಿ ಸಾಕಿದ ಹುಡುಗಿ. ಅವಳು ಎದ್ದು ನಿಂತಳು.

"ಅಳ್ಳು ಪೆದ್ದು ಸಾ. ಪೊಟ್ರೇಲಿ ಯಾರಾರಾ ಮಡಗ್ತಾರಾ? ಕೊಟ್ಗೆ ಒಳ್ಗೆ ಹಗೇವು ತೋಡಿ ಮ್ಯಾಲೆ ಎಮ್ಮೆ ಕಟ್ಟುದ್ರೆ, ಯಾವ್ ರಾಜ ಬಂದು ಹುಡುಕ್ತಾನೆ?"

ಹಗೇವು ಅಂದರೆ ರಾಗಿ ತುಂಬಿಡುವ ನೆಲದ ಗುಂಡಿ. ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಈ ಊರಿನಲ್ಲಿ ಒಂದು ಮಗು ಓದಿದ್ದನ್ನು ತನ್ನ ತಲೆಯಿಂದಲೇ ಯೋಚಿಸಿತ್ತು. ಅಳಿಲಿಗೆ ಎಮ್ಮೆ ಎಲ್ಲಿಂದ ಬಂತಮ್ಮಾ ಎಂದು ನಕ್ಕೆ. ನನ್ನ ಜೊತೆ ಯಾರೂ ನಗಲಿಲ್ಲ. ಹಿಂದಿನ ಸಾಲಿನ ದೊಡ್ಡ ಹುಡುಗನೊಬ್ಬ ಅವಳ ಲಂಗ ಹಿಡಿದು ಜಗ್ಗಿ ಕೂರಿಸಿದ.

ಮಾರನೆಯ ದಿನ ಹುಡುಗಿ ಬರಲಿಲ್ಲ. ಉಳಿದವರು ಬಂದರು, ಆದರೆ ಹೆಸರು ಕೇಳಿದರೂ ಯೋಚಿಸಿ ಹೇಳುವಂತಾಗಿದ್ದರು. ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು. ಅದು ಲೆವಿಯ ಕಾಲ. ಕೊಳ್ಳೇಗಾಲದಿಂದ ಅಧಿಕಾರಿಗಳು ಬಂದು, ಮನೆ ಮನೆಯ ನೆಲಕ್ಕೆ ಕಬ್ಬಿಣದ ಸರಳು ಚುಚ್ಚಿ ನೋಡಿ, ಊಟಕ್ಕೆ ಇಷ್ಟು ಬಿಟ್ಟು ಮಿಕ್ಕ ರಾಗಿಯನ್ನು ಅಳೆದುಕೊಂಡು ಹೋಗುತ್ತಿದ್ದರು. ಅಂಥ ದಿನಗಳಲ್ಲಿ ಆಚೆ ಸೀಮೆಯ ಮೇಷ್ಟ್ರೊಬ್ಬ ಕಾಳು ಎಲ್ಲಿ ಬಚ್ಚಿಟ್ಟಿದೆ ಎಂದು ಮಕ್ಕಳನ್ನು ಕೇಳುತ್ತಿದ್ದಾನೆ ಎಂದೇ ಊರಿಗೆ ಕಂಡಿತ್ತು.

ಪುಸ್ತಕ ಹಿಡಿದುಕೊಂಡು ಹುಡುಗಿಯ ಮನೆಗೆ ಹೋದೆ. ಅವಳ ಅಜ್ಜಿ ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕೂರಿ ಅನ್ನಲಿಲ್ಲ. ಇದು ಪುಸ್ತಕದಲ್ಲೇ ಇರುವ ಪಾಠ, ನಾನು ಕಟ್ಟಿದ್ದಲ್ಲ ಎಂದು ತೋರಿಸಿದೆ. ಅವಳಿಗೆ ಅಕ್ಷರ ಬರದು. ಮೊಮ್ಮಗಳನ್ನು ಕರೆದು ಓದಿಸಿದಳು. ಹುಡುಗಿ ಒಂದಕ್ಷರ ಬಿಡದೆ ಓದಿದಳು. ಯಾರು ಬರೆದದ್ದು ಎಂದು ಅಜ್ಜಿ ಕೇಳಿದಳು. ಸರ್ಕಾರದವರೇ ಒಪ್ಪಿದ ಪುಸ್ತಕ ಎಂದು ಹೆಮ್ಮೆಯಿಂದ ಹೇಳಿ ಕೆಟ್ಟೆ. ಹಾಗಾದರೆ ತನ್ನ ಗುಮಾನಿ ಸರಿಯೇ ಆಯಿತಲ್ಲ ಎಂಬಂತೆ ಅವಳು ತಲೆಯಾಡಿಸಿದಳು.

ಕೊನೆಗೆ ನನ್ನ ಮಾತನ್ನೇ ಒತ್ತೆ ಇಡಬೇಕಾಯಿತು. "ಅವ್ವಾ, ನಾನು ಸುಳ್ಳು ಹೇಳುವವನಲ್ಲ. ಮಕ್ಕಳು ಹೇಳಿದ್ದನ್ನು ಯಾರ ಕಿವಿಗೂ ಹಾಕಿಲ್ಲ, ಹಾಕುವುದೂ ಇಲ್ಲ. ಇವಳನ್ನು ಮಾತ್ರ ಬಿಡಿಸಬೇಡಿ. ಇಡೀ ಶಾಲೆಯಲ್ಲಿ ನಿಜವಾಗಿ ಓದುವುದು ಇವಳೊಬ್ಬಳೇ."

ಅವಳು ನನ್ನ ಮುಖವನ್ನು ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ನೋಡಿದಳು. ಮಾರನೆಯ ದಿನ ಹುಡುಗಿ ಬಂದಳು. ಓದು ಅಂದರೆ ಓದುತ್ತಿದ್ದಳು, ಪ್ರಶ್ನೆ ಕೇಳಿದರೆ ಮಾತ್ರ ಹೊಸ್ತಿಲಾಚೆ ನೋಡುತ್ತಿದ್ದಳು. ಅಷ್ಟಾದರೂ ಬಂದಳಲ್ಲ ಎಂದು ಸುಮ್ಮನಾದೆ.

ಸುಗ್ಗಿ ಮುಗಿದ ಮೇಲೆ ಶಾಲೆಗಳ ಇನ್‌ಸ್ಪೆಕ್ಟರರು ತನಿಖೆಗೆ ಬಂದರು. ನನ್ನ ಕೆಲಸ ಕಾಯಂ ಆಗುವುದು ಅವರ ವರದಿಯ ಮೇಲೆ ನಿಂತಿತ್ತು. ಅವರು ಬಂದದ್ದು ಲೆವಿ ಅಧಿಕಾರಿಯ ಗಾಡಿಯಲ್ಲಿ. ಒಂದೇ ದಾರಿ ಎಂದು ಜೊತೆಗೆ ಬಂದಿದ್ದರೋ, ಬೇರೇನಾದರೂ ಇತ್ತೋ, ನಾನು ಇಂದಿಗೂ ಹೇಳಲಾರೆ. ಆ ಅಧಿಕಾರಿ ಶಾಲೆಯ ಜಗುಲಿಯಲ್ಲೇ ಕುರ್ಚಿ ಹಾಕಿಸಿಕೊಂಡು ಎಳನೀರು ಕುಡಿಯುತ್ತ ಕೂತ. ಅವನ ಸರಳು ಗೋಡೆಗೆ ಒರಗಿತ್ತು, ಎಲ್ಲ ಮಕ್ಕಳ ಕಣ್ಣಿಗೂ ಬೀಳುವ ಹಾಗೆ.

ಇನ್‌ಸ್ಪೆಕ್ಟರರು ಪುಸ್ತಕ ತಿರುವಿ ನೇರವಾಗಿ ಅಳಿಲಿನ ಪಾಠವನ್ನೇ ತೆಗೆದರು. ಹುಡುಗಿ ಚೆನ್ನಾಗಿ ಓದಿದಳು. ಅವರು ಮೆಚ್ಚಿ, ಅಳಿಲು ಕಾಳನ್ನು ಎಲ್ಲಿ ಬಚ್ಚಿಟ್ಟಿತು ಎಂದು ಕೇಳಿದರು. ಜಗುಲಿಯಲ್ಲಿದ್ದವನು ಎಳನೀರು ಕೆಳಗಿಟ್ಟು ಒಳಕ್ಕೆ ಕತ್ತು ಹಾಕಿದ.

"ಗೊತ್ತಿಲ್ಲ ಸಾ," ಅಂದಳು ಹುಡುಗಿ.

ಪಕ್ಕದವನಿಗೂ ಗೊತ್ತಿರಲಿಲ್ಲ. ಅವನ ಪಕ್ಕದವನಿಗೆ ಅಳಿಲು ಎಂಬ ಪ್ರಾಣಿಯೇ ಗೊತ್ತಿರಲಿಲ್ಲ. ಇನ್‌ಸ್ಪೆಕ್ಟರರ ಮುಖ ಗಂಟಿಕ್ಕಿತು. ಗಿಳಿಪಾಠ ಮಾಡಿಸಿದ್ದೀರಿ, ಈ ಪಾಠ ಕಲಿಸಿದ್ದೀರೋ ಇಲ್ಲವೋ ಎಂದು ನನ್ನತ್ತ ತಿರುಗಿದರು. ಕಲಿಸಿದ್ದೇನೆ ಅಂದರೆ ಮುಂದಿನ ಪ್ರಶ್ನೆ ಬರುತ್ತದೆ. ಆಮೇಲೆ ಯಾವ ಕೊಟ್ಟಿಗೆಯ ಎಮ್ಮೆ ಬಿಚ್ಚಬೇಕಾಗುತ್ತದೋ.

"ಇಲ್ಲ ಸಾರ್. ಈ ಪಾಠ ಇನ್ನೂ ಶುರು ಮಾಡಿಲ್ಲ," ಅಂದೆ. ದನಿ ಸ್ವಲ್ಪವೂ ನಡುಗಲಿಲ್ಲ.

ಅವರು ಬರೆಯುವುದನ್ನು ಬರೆದುಕೊಂಡು ಹೋದರು. ಗಾಡಿ ಮರೆಯಾದ ಮೇಲೆ ನನಗೆ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು. ಒಂದು ಪಾಠವನ್ನು ಅಷ್ಟು ಪೂರ್ತಿಯಾಗಿ ಅರ್ಥ ಮಾಡಿಕೊಂಡ ತರಗತಿಯನ್ನು ನಾನು ಮತ್ತೆಲ್ಲೂ ನೋಡಿಲ್ಲ. ಇನ್ನು ಮೇಲೆ ಊರಿನವರು ನನ್ನನ್ನು ನಂಬುತ್ತಾರೆ ಅಂದುಕೊಂಡೆ.

ಮಾರನೆಯ ದಿನ ಹುಡುಗಿ ಬರಲಿಲ್ಲ. ಸಂಜೆ ಅವರ ಮನೆಗೆ ಹೋದೆ. ಈ ಸಲ ಅಜ್ಜಿ ಕೂರಿ ಅಂದಳು, ಮಜ್ಜಿಗೆ ಕೊಟ್ಟಳು, ನಾನು ಕುಡಿದು ಮುಗಿಸುವ ತನಕ ಕಾದಳು.

"ನಮ್ ರಾಗಿ ಉಳಿಸುದ್ರಿ, ಇಲ್ಲ ಅನ್ನಕಿಲ್ಲ ಮೇಷ್ಟ್ರೆ. ಆದ್ರೆ ಅನ್ನ ಕೊಡೋ ಸಾಯೇಬ್ರಿಗೇ ಅಷ್ಟ್ ನೀಟಾಗಿ ಸುಳ್ಳೇಳುದ್ರಂತೆ. ಸುಳ್ಳೇಳಕಿಲ್ಲ ಅಂತ ನಂಗೆ ಅವತ್ತು ಹೇಳುದ್ರಲ್ಲಾ, ಅದ್ನ ನಾನು ಈಗ ಹೆಂಗ್ ನಂಬ್ಲಿ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ನಾನು ಯಾವ ಮಾತು ಹುಡುಕಿದರೂ ಅದನ್ನು ಹೇಳಬೇಕಾದವನು ಆ ಸುಳ್ಳು ಹೇಳಿದ ನಾನೇ ಆಗಿದ್ದೆ. ಹುಡುಗಿ ಒಳಗಿನಿಂದ ಬಂದು ಪುಸ್ತಕವನ್ನು ಲಂಗದ ಅಂಚಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

"ಇಸ್ಕೂಲಿಂದು ಸಾ," ಅಂದಳು.